ಮೂರು ವಾರದಿಂದ ಮಗಳ ಹೊಟ್ಟೆ ಸರಿ ಇಲ್ಲ, ರಿಪೋರ್ಟ್ ಮಾತ್ರ ‘ನಾರ್ಮಲ್’

ಪುಣೆಯ ಪಿಂಪಳೆ ಸೌದಾಗರ್‌ನಿಂದ ಕೇಳಿದ್ದು:
ಮಗಳಿಗೆ 6 ವರ್ಷ. ಭೇದಿ ಬರುತ್ತೆ, ಎರಡು ದಿನ ನಿಲ್ಲುತ್ತೆ, ಮತ್ತೆ ಶುರು. ಹೊಟ್ಟೆ ಉಬ್ಬರ, ತೂಕವೂ ಇಳಿದಿದೆ. ಹುಳುವಿನ ಔಷಧಿ ಒಂದು ಡೋಸ್ ಕೊಟ್ಟಾಯ್ತು. ಮಲ ಪರೀಕ್ಷೆ ಒಮ್ಮೆ ಮಾಡಿಸಿದ್ವಿ, ಏನೂ ಇಲ್ಲ ಅಂದ್ರು. ಬೇಸಿಗೆಯಿಂದ ಸೊಸೈಟಿಗೆ ಟ್ಯಾಂಕರ್ ನೀರು. ಯಾರಿಗಾದ್ರೂ ಹೀಗಾಗಿತ್ತಾ?

ಕೋಥ್ರೂಡ್‌ನಿಂದ:
ಆ ‘ನಾರ್ಮಲ್’ ಕಾಗದ ನಂಬಿ ಒಂದು ತಿಂಗಳು ಒದ್ದಾಡಿದವನು ನಾನು. ಮಳೆಗಾಲದಲ್ಲಿ ರಾಜಗಡ ಕೋಟೆ ಹತ್ತಿದ್ದೆ. ಬಾಟಲಿ ಖಾಲಿಯಾಯ್ತು, ಮೇಲಿದ್ದ ಕಲ್ಲಿನ ಟಾಕಿ ನೀರನ್ನೇ ಕುಡಿದೆ. ಕನ್ನಡಿ ಹಾಗಿತ್ತು ನೀರು! ಹತ್ತು ದಿನಕ್ಕೆ ಕೊಳೆತ ಮೊಟ್ಟೆ ವಾಸನೆಯ ತೇಗು. ಮಲ ಜಿಡ್ಡುಜಿಡ್ಡು, ತೇಲುತ್ತೆ, ಎರಡು ಸಲ ಫ್ಲಶ್ ಮಾಡಿದ್ರೂ ಹೋಗಲ್ಲ. (ಊಟ ಮಾಡ್ತಾ ಓದ್ತಿರೋರು ಕ್ಷಮಿಸಿ.) ಜ್ವರ ಇಲ್ಲ, ರಕ್ತ ಇಲ್ಲ, ಹಾಗಾಗಿ ಮನೇಲಿ ‘ವಡಾಪಾವ್ ಬಿಡು’ ಅನ್ನೋ ಉಪದೇಶವೇ ಔಷಧಿ. ಮೊದಲ ಪರೀಕ್ಷೆಯಲ್ಲಿ ಏನೂ ಇಲ್ಲ, ಎರಡನೇದರಲ್ಲೂ ಇಲ್ಲ. ಮೂರನೇದರಲ್ಲಿ ಸಿಕ್ಕಿತು ಜಿಯಾರ್ಡಿಯಾ ಸಿಸ್ಟ್, ಅಂದ್ರೆ ಕರುಳಲ್ಲಿ ಸೇರೋ, ಕಣ್ಣಿಗೆ ಕಾಣದ ಪರೋಪಜೀವಿಯ ಗಟ್ಟಿ ಚಿಪ್ಪಿನ ರೂಪ. ಡಾಕ್ಟರು ಟಿನಿಡಜೋಲ್ ಕೊಟ್ರು, ವಾಸಿಯಾಯ್ತು. ಆದ್ರೆ ಅದಾದ ಮೇಲೂ ಕೆಲವು ವಾರ ಹಾಲು ಕುಡಿದ್ರೆ ಸಾಕು, ಹೊಟ್ಟೆ ಗುಡುಗೋದು. ರೋಗ ವಾಪಸ್ ಬಂತು ಅಂತ ಹೆದರಿದ್ದೆ. ಹಾಲಿನ ಸಕ್ಕರೆ ಅರಗಿಸೋ ಶಕ್ತಿ ಕರುಳಿಗೆ ಸ್ವಲ್ಪ ದಿನ ಕುಗ್ಗಿರುತ್ತಂತೆ.

ಹಡಪ್ಸರ್‌ನಿಂದ:
ಅಕ್ಕಾ, ನಾನು ಲ್ಯಾಬ್‌ನಲ್ಲಿ ಕೆಲಸ ಮಾಡೋಳು. ಸಿಸ್ಟ್ ದಿನಾ ಹೊರಬೀಳಲ್ಲ, ಬಿಟ್ಟು ಬಿಟ್ಟು ಬೀಳುತ್ತೆ. ಅದಕ್ಕೇ ಬೇರೆ ಬೇರೆ ದಿನದ 3 ಮಾದರಿ ಕೊಡಿ. ಮೂತ್ರ, ನೀರು ಬೆರೆಯಬಾರದು, ತಡ ಮಾಡದೆ ತಲುಪಿಸಿ. ಜಿಯಾರ್ಡಿಯಾ ಆಂಟಿಜನ್ ಪರೀಕ್ಷೆ (ಮಲದಲ್ಲಿ ಆ ಜೀವಿಯ ಪ್ರೋಟೀನ್ ಹುಡುಕೋದು) ಮಾಡ್ತಾರಾ ಅಂತಲೂ ಕೇಳಿ, ಸೂಕ್ಷ್ಮದರ್ಶಕದ ಕಣ್ಣಿಗೆ ತಪ್ಪಿದ್ದು ಅದರಲ್ಲಿ ಸಿಗೋ ಸಾಧ್ಯತೆ ಜಾಸ್ತಿ. ಹುಳುವಿನ ಒಂದು ಡೋಸ್ ಇದಕ್ಕೆ ಸಾಲದು. ತೂಕ ಇಳೀತಿದೆ ಅಂದ್ರಿ, ಮಕ್ಕಳ ಡಾಕ್ಟರಿಗೆ ಈ ವಾರವೇ ತೋರಿಸಿ. ಔಷಧಿ ಅಂಗಡಿಯವರ ಮಾತು ಕೇಳಿ ಗುಳಿಗೆ ಕೊಡಬೇಡಿ.

ಮೂಲ ವಿಜಯಪುರ, ಈಗ ಭೋಸರಿ:
ಟೆಸ್ಟಿಂದು ಅವರು ಹೇಳ್ಯಾರ, ನಾ ನೀರಿಂದು ಹೇಳ್ತೀನ್ರಿ. ನಮ್ಮ ಸೊಸೈಟ್ಯಾಗ ಕ್ಲೋರಿನ್ ಹಾಕಿ ‘ಆತು’ ಅಂತ ಕುಂತಿದ್ರು. ಈ ಸಿಸ್ಟ್ ಕ್ಲೋರಿನ್ನಿಗೆ ಅಷ್ಟ ಸುಲಭ ಸಾಯೂದಿಲ್ಲ. ಅರಿವ್ಯಾಗ ಸೋಸಿದ್ರೂ ಪಾರಾಗಿ ಬರ್ತದ. ನಮ್ಮವ್ವ ನಾಕ್ ಮಡಿಕಿ ಹಾಕಿ ಸೋಸಾಕಿ, ಆಕಿಗೆ ತಿಳಿಸಿ ಹೇಳೂದ ದೊಡ್ಡ ಕೆಲಸ ಆತು. ನೀರು ಕೊತಕೊತ 1 ನಿಮಿಷ ಕುದೀಲಿ, ಸಾಕು. ಫಿಲ್ಟರ್ ಆದ್ರ 1 ಮೈಕ್ರಾನ್ ಇಲ್ಲಾ ಅದಕ್ಕಿಂತ ಸಣ್ಣ ತೂತಿಂದು ನೋಡ್ರಿ, ಆರ್‌ಒ ಇದ್ರೂ ನಡೀತದ. ನಾವು ಕುಡ್ಯೂದು ಕುದಿಸಿದ್ದು, ಹಲ್ಲುಜ್ಜೂದು, ಕೊತ್ತಂಬರಿ ತೊಳ್ಯೂದು ನಳದ ನೀರಾಗ! ತಿಂಗಳಾನುಗಟ್ಟಲೆ ಯಾರಿಗೂ ಹೊಳೀಲಿಲ್ಲ. ಕೈಗೆ ಸ್ಯಾನಿಟೈಜರ್ ನಂಬಬ್ಯಾಡ್ರಿ, ಸಾಬಾಣ ಹಚ್ಚಿ ತೊಳೀರಿ. ಹುಡುಗಿಗೆ ತೊಳಸಿದ ಮ್ಯಾಲ ನಿಮ್ಮ ಕೈನೂ.

ಕೇಳಿದವರು:
ಇವತ್ತು ಮೊದಲ ಡಬ್ಬಿ ಕೊಟ್ಟು ಬಂದೆ. ಈಗ ಮಗಳು ಡಬ್ಬಿ ಕಂಡ್ರೆ ಟಾಯ್ಲೆಟ್‌ಗೇ ಹೋಗಲ್ಲ ಅಂತ ಹಟ ಹಿಡಿದಿದ್ದಾಳೆ.

ಹಡಪ್ಸರ್‌ನಿಂದ:
ಕಮೋಡ್ ಸೀಟಿನ ಕೆಳಗೆ ತೆಳು ಪ್ಲಾಸ್ಟಿಕ್ ಹಾಳೆ ಸಡಿಲವಾಗಿ ಹಾಸಿ ಅಕ್ಕಾ. ಅವಳು ಎದ್ದು ಹೋದ ಮೇಲೆ ಡಬ್ಬಿ ತೆಗೆದುಕೊಳ್ಳಿ, ಅವಳಿಗೆ ತೋರಿಸಲೇಬೇಡಿ.