ಕಂಬದ ಮೇಲಿನ ಹದ್ದು

ವಿದ್ಯುತ್ ಕಂಬದ ಮೇಲೆ ಕುಳಿತ ಹದ್ದಿನ ಚಿತ್ರವನ್ನು ವನ್ಯಜೀವಿ ಚಿತ್ರವೆಂದು ಎಣಿಸಬಹುದೇ ಎಂಬ ಪ್ರಶ್ನೆಯನ್ನು ಮೇಷ್ಟ್ರು ಎತ್ತಿದ್ದು ಇಡ್ಲಿ ಬರುವ ಮೊದಲು. ಆದ್ದರಿಂದ ಚರ್ಚೆ ಬೇಗ ಕಾವೇರಿತು. ನಮ್ಮ ಗುಂಪಿನಲ್ಲಿ ಕ್ಯಾಮೆರಾ ಇರುವುದು ಶಾನುಭೋಗರ ಬಳಿ ಮಾತ್ರ, ಅಭಿಪ್ರಾಯಗಳು ಎಲ್ಲರ ಬಳಿಯೂ ಇವೆ.

ಶಾನುಭೋಗರು ತೋರಿಸಿದ್ದು ಹೆಸರಘಟ್ಟದ ಹುಲ್ಲುಗಾವಲಿನ ಕಪ್ಪು ರೆಕ್ಕೆಯ ಹದ್ದು. ಬೂದು ಬೆನ್ನು, ಬಿಳಿಯ ಎದೆ, ಕೆಂಪು ಕಣ್ಣು, ಕಾಲ ಕೆಳಗೆ ಮಾತ್ರ ಪಿಂಗಾಣಿಯ ಇನ್ಸುಲೇಟರ್.

"ಒಂದು ಜಾಲಿಯ ಕೊಂಬೆಯಾದರೂ ಸಿಗಲಿಲ್ಲವೇ?" ಎಂದು ಮೇಷ್ಟ್ರು ಮರುಗಿದರು.

ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ರಾಯರಿಗೆ ಇದು ಸ್ವಂತ ಮನೆತನಕ್ಕೆ ಆದ ಅವಮಾನದಂತೆ ಕಂಡಿತು. "ಬಯಲಿನಲ್ಲಿ ಮರಗಳೇ ವಿರಳ. ಇಲಿ, ಮಿಡತೆಗಳನ್ನು ಹುಡುಕುತ್ತಾ ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯಲು ಹದ್ದಿಗೆ ಬಹಳ ಶಕ್ತಿ ಬೇಕು. ಅದೇ ಕೆಲಸವನ್ನು ಕಂಬದ ಮೇಲೆ ಕುಳಿತು ಮಾಡಿದರೆ ಖರ್ಚಿಲ್ಲ. ಚಳಿಗಾಲಕ್ಕೆ ಬರುವ ಚಾಣವೂ ನಮ್ಮ ಕಂಬವನ್ನೇ ಹುಡುಕುತ್ತದೆ" ಎಂದರು.

"ಹಾಗಾದರೆ ಕಂಪ್ಯೂಟರಿನಲ್ಲಿ ಕಂಬವನ್ನು ಅಳಿಸಿಬಿಡಿ."

"ಅಳಿಸಬಹುದು, ಆದರೆ ಹದ್ದು ಯಾವುದರ ಮೇಲೆ ಕುಳಿತಿದೆ ಎಂದು ಯಾರಾದರೂ ಕೇಳಿದರೆ ಏನು ಹೇಳಲಿ?"

"ಯೋಗಬಲದ ಮೇಲೆ ಎನ್ನಿ" ಎಂದರು ರಾಯರು.

ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಯಲ್ಲಿ ಚಿತ್ರದಿಂದ ವಸ್ತುವನ್ನು ಅಳಿಸುವುದಾಗಲೀ ಸೇರಿಸುವುದಾಗಲೀ ನಿಷಿದ್ಧವೆಂದೂ, ಅಲ್ಲಿ ನಗರದ ವನ್ಯಜೀವಿಗಳಿಗೆಂದೇ ಒಂದು ವಿಭಾಗವಿದೆಯೆಂದೂ ಶಾನುಭೋಗರು ತಿಳಿಸಿದಾಗ ಮೇಷ್ಟ್ರು ಚಟ್ನಿಯ ಕಡೆಗೆ ಗಮನ ಹರಿಸಿದರು.

ಕಂಬದ ಚಿತ್ರವೆಂದರೆ ಸುಲಭವೆಂದು ಭಾವಿಸಬಾರದು. ಹಿಂದೆ ಬೆಳಗುವ ಆಕಾಶವನ್ನು ನೋಡಿ ಕ್ಯಾಮೆರಾ ಮೋಸಹೋಗುವುದರಿಂದ, ಬೆಳಕನ್ನು ಒಂದು ಸ್ಟಾಪಿನಷ್ಟು, ಅಂದರೆ ಎರಡು ಪಟ್ಟು, ಹೆಚ್ಚಿಸದಿದ್ದರೆ ಬಿಳಿ ಹದ್ದು ಕಾಗೆಯಾಗಿ ಮೂಡುತ್ತದೆ. ಕಾರಿನೊಳಗೆ ಕುಳಿತವರನ್ನು ಸಹಿಸುವ ಹಕ್ಕಿ, ಬಾಗಿಲು ತೆರೆದ ಸದ್ದಿಗೇ ಮಾಯವಾಗಬಹುದು. ಹದ್ದು ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಹಾರುತ್ತದೆ. ಆದ್ದರಿಂದ ಗಾಳಿಯೂ ಸೂರ್ಯನೂ ನಮ್ಮ ಬೆನ್ನಿಗಿದ್ದರೆ ಅದು ನಮ್ಮ ಕಡೆಗೇ ಮುಖಮಾಡಿ ಏಳುತ್ತದೆ, ಆಗ ಷಟರ್ ವೇಗ ಸೆಕೆಂಡಿನ 1/2000 ಭಾಗದಷ್ಟಾದರೂ ಇರಬೇಕು.

"ಏಳುವ ಗಳಿಗೆ ತಿಳಿಯುವುದು ಹೇಗೆ?" ಎಂದು ಕೇಳಿದೆ.

"ಅನೇಕ ವೇಳೆ ಹಾರುವ ಮುನ್ನ ಬಾಲವೆತ್ತಿ ಹಿಕ್ಕೆ ಹಾಕುತ್ತದೆ" ಎಂದರು ಶಾನುಭೋಗರು ಗಂಭೀರವಾಗಿ.

"ಅಂದರೆ ತಾವು ನಸುಕಿನಲ್ಲಿ ಎದ್ದು, ಲಕ್ಷಾಂತರ ರೂಪಾಯಿಯ ಲೆನ್ಸಿನಲ್ಲಿ ಕಾಯುವುದು ಇದನ್ನೇ?" ಎಂದು ಮೇಷ್ಟ್ರು ಇಡ್ಲಿಯ ತಟ್ಟೆಯನ್ನು ದೂರ ಸರಿಸಿದರು.

ರಾಯರು ಮಾತ್ರ ನಗಲಿಲ್ಲ. ಒಂದೇ ತಂತಿಯ ಮೇಲೆ ಕುಳಿತ ಹಕ್ಕಿಗೆ ಏನೂ ಆಗದು. ಆದರೆ ರೆಕ್ಕೆಗಳು ಎರಡು ತಂತಿಗಳಿಗೆ, ಇಲ್ಲವೇ ತಂತಿಗೂ ನೆಲದೊಂದಿಗೆ ಸಂಪರ್ಕವಿರುವ, ಕಂಬದ ಕಬ್ಬಿಣದ ಅಡ್ಡಪಟ್ಟಿಯಾದ ಕ್ರಾಸ್ ಆರ್ಮ್‌ಗೂ ಏಕಕಾಲಕ್ಕೆ ತಗುಲಿದರೆ ಅದು ಅಲ್ಲಿಯೇ ಸಾಯುತ್ತದೆ. ಈ ಹದ್ದಿನ ರೆಕ್ಕೆಗಳ ಹರವು ಒಂದು ಮೀಟರಿಗಿಂತ ಕಡಿಮೆ, ಚಳಿಗಾಲದ ಅತಿಥಿಯಾದ ಸ್ಟೆಪ್ ಈಗಲ್‌ನದು ಎರಡು ಮೀಟರಿಗೆ ಹತ್ತಿರ. ಅಪಾಯ ದೊಡ್ಡವಕ್ಕೇ ಹೆಚ್ಚು. "ಆದ್ದರಿಂದ ಶಾನುಭೋಗರೇ, ಕಂಬವನ್ನು ಕತ್ತರಿಸದ ಚಿತ್ರದ ಒಂದು ಪ್ರತಿಯನ್ನು ಕೊಡಿ. ತಂತಿಗೂ ಕ್ರಾಸ್ ಆರ್ಮ್‌ಗೂ ಎಷ್ಟು ಅಂತರವಿದೆ, ಎಲ್ಲಿ ಹೊದಿಕೆ ಹಾಕಬೇಕು ಎಂಬುದು ಅದರಲ್ಲಿ ಕಾಣುತ್ತದೆ. ಹದ್ದಿನ ಮುಖವಷ್ಟೇ ಇರುವ ಚಿತ್ರದಿಂದ ನನಗೆ ಉಪಯೋಗವಿಲ್ಲ" ಎಂದರು. ಆ ಹೊತ್ತಿನಲ್ಲಿ ಆಡಿದ ಮಾತುಗಳಲ್ಲಿ ತೂಕವಿದ್ದದ್ದು ಇದಕ್ಕೇ ಎಂದು ನನಗೆ ಅನ್ನಿಸಿತು.

ಮೇಷ್ಟ್ರು ಅರ್ಧ ಸೋತರು. ಕಂಬ ಇರಲಿ, ಆದರೆ ಗರುಡನನ್ನಾದರೂ ದೇವಸ್ಥಾನದ ಗೋಪುರದ ಮೇಲೆಯೇ ಹಿಡಿಯಬೇಕೆಂದು ಷರತ್ತು ಹಾಕಿದರು. ಮಂಗಳೂರಿನ ಬಂದರಿನಲ್ಲಿ ಗರುಡಗಳು ದೋಣಿಯ ಕೂವೆಮರದ ಮೇಲೆ ಕುಳಿತು ಮೀನಿಗೆ ಹೊಂಚುತ್ತವೆ ಎಂದರು ಶಾನುಭೋಗರು.

"ವಿಷ್ಣುವಿನ ವಾಹನ ಮೀನಿನ ದೋಣಿಯಲ್ಲೇ?"

"ಮತ್ಸ್ಯಾವತಾರವೂ ಅವನದೇ ಅಲ್ಲವೇ, ಮೇಷ್ಟ್ರೇ" ಎಂದರು ರಾಯರು.

"ಹಾಗಾದರೆ ಗರುಡ ತಿನ್ನುವುದು..." ಎಂದು ಆರಂಭಿಸಿದ ಮೇಷ್ಟ್ರು, ವಾಕ್ಯವನ್ನು ಅಲ್ಲಿಗೇ ಬಿಟ್ಟು ಕಾಫಿ ಹೇಳಿದರು.