ಟ್ರಾನ್ಸ್ ಮಹಿಳೆಯರ ಧ್ವನಿ ತರಬೇತಿ: ಶ್ರುತಿ ಏರಿದ್ರೂ ಫೋನಲ್ಲಿ 'ಸಾರ್' ಅಂತಾರೆ, ಯಾಕೆ?

ಶಿರಾಗೇಟ್_ಹುಡುಗಿ:

ಎಲ್ರಿಗೂ ನಮಸ್ಕಾರ. ಎಸ್ಟ್ರೋಜನ್ (ಹೆಣ್ಣಿನ ಹಾರ್ಮೋನ್) ಶುರುವಾಗಿ ವರ್ಷ ದಾಟಿದೆ, ದನಿ ಮಾತ್ರ ಹಂಗೇ ಇದೆ. ಆ್ಯಪ್ ಇಟ್ಕೊಂಡು ಅಭ್ಯಾಸ ಮಾಡಿದ್ಮೇಲೆ ಶ್ರುತಿ 120 ಹರ್ಟ್ಜ್ (ಸೆಕೆಂಡಿಗೆ 120 ಕಂಪನ) ಇದ್ದದ್ದು 190ರ ಹತ್ರ ಬರುತ್ತೆ. ಆದ್ರೂ ಗ್ಯಾಸ್ ಏಜೆನ್ಸಿಯಿಂದ ಹಿಡಿದು ಕೊರಿಯರ್ ಹುಡುಗರ ತನಕ ಫೋನಲ್ಲಿ ಎಲ್ರೂ 'ಸಾರ್' ಅಂತಾರೆ. ಎದುರಿಗೆ ನಿಂತಾಗ ಅಷ್ಟಿಲ್ಲ. ಸಂಜೆ ಹೊತ್ತಿಗೆ ಗಂಟಲು ಬಿಗಿದು ದನಿ ಒಡೆಯುತ್ತೆ.

ತಪ್ಪು ಎಲ್ಲಾಗ್ತಿದೆ? ತುಮಕೂರಲ್ಲೇ ತೋರಿಸ್ಬಹುದಾ, ಬೆಂಗಳೂರು ಮೈಸೂರಿಗೆ ಹೋಗ್ಲೇಬೇಕಾ? ಆಪರೇಷನ್ ಮಾಡಿಸಿದ್ರೆ ಈ ಒದ್ದಾಟವೆಲ್ಲ ತಪ್ಪುತ್ತಾ? ಇನ್ನೊಂದು, ನಮ್ದು ವಠಾರದ ಮನೆ, ಪಿಸುಗುಟ್ಟಿದ್ರೂ ಪಕ್ಕದ ಮನೆಗೆ ಕೇಳುತ್ತೆ. ಸದ್ದಾಗದ ಅಭ್ಯಾಸ ಇದ್ರೆ ಹೇಳಿ.

ಮಾತುಗಾತಿ_ಎಸ್‌ಎಲ್‌ಪಿ:

ಹಾರ್ಮೋನ್ ವಿಷಯ ಮೊದಲು ಮುಗಿಸ್ತೀನಿ. ಹರೆಯದಲ್ಲಿ ಟೆಸ್ಟೋಸ್ಟೆರಾನ್‌ನಿಂದ ಧ್ವನಿತಂತುಗಳು ಒಂದ್ಸಲ ದಪ್ಪ, ಉದ್ದ ಆದ್ಮೇಲೆ ಎಸ್ಟ್ರೋಜನ್ ಅವನ್ನ ತೆಳ್ಳಗೆ ಮಾಡಲ್ಲ. ಡೋಸ್ ಹೆಚ್ಚಿಸಿದ್ರೂ ಅಷ್ಟೇ. ಆ ಆಸೆಗೆ ಮಾತ್ರೆ ಜಾಸ್ತಿ ನುಂಗಬೇಡಿ.

ನಿಮ್ಮ ಶ್ರುತಿ ಸರಿಯಾಗೇ ಇದೆ. ಹೆಣ್ಣಿನ ಮಾತಿನ ಸರಾಸರಿ ಸುಮಾರು 180ರಿಂದ 220 ಹರ್ಟ್ಜ್, ಗಂಡಸಿನದು 100ರಿಂದ 130. ಕೊರತೆ ಇರೋದು ಅನುರಣನದಲ್ಲಿ, ಅಂದ್ರೆ ಗಂಟಲು, ಬಾಯಿಯ ಪೊಳ್ಳಲ್ಲಿ ದನಿ ಮೊಳಗೋ ರೀತಿಯಲ್ಲಿ. ಧ್ವನಿತಂತುವಿನಿಂದ ತುಟಿ ತನಕ ಇರೋ ಕೊಳವೆ ಗಂಡಸರಲ್ಲಿ ಸುಮಾರು 17 ಸೆಂಟಿಮೀಟರ್, ಹೆಂಗಸರಲ್ಲಿ 14–15. ಬಿಂದಿಗೆ ತುಂಬ್ತಾ ಬಂದ ಹಾಗೆ ಒಳಗಿನ ಖಾಲಿ ಜಾಗ ಕಮ್ಮಿಯಾಗಿ ಸದ್ದು ತೆಳುವಾಗುತ್ತಲ್ಲ, ಲೆಕ್ಕ ಅದೇ. ಕೊಳವೆ ಉದ್ದ ಹಂಗೇ ಇದ್ದು ಶ್ರುತಿ ಮಾತ್ರ ಏರಿದ್ರೆ ಕಿವಿಗೆ 'ಗಂಡಸು ಎತ್ತರದಲ್ಲಿ ಮಾತಾಡ್ತಿದ್ದಾನೆ' ಅಂತಲೇ ಬೀಳುತ್ತೆ.

ಫೋನಲ್ಲಿ ಇದು ಇನ್ನೂ ಎದ್ದು ಕಾಣುತ್ತೆ. ಹಳೇ ಬಗೆಯ ಫೋನ್ ಜಾಲ ಸಾಗಿಸೋದು ಸುಮಾರು 300ರಿಂದ 3400 ಹರ್ಟ್ಜ್ ಮಾತ್ರ. ನೀವು ಕಷ್ಟಪಟ್ಟು ಏರಿಸಿದ 190 ಆ ಕಡೆಗೆ ಹೋಗೋದೇ ಇಲ್ಲ. ದನಿಯಲ್ಲೇ ಸೇರಿರೋ ಮೇಲಿನ ಸ್ವರಾಂಶಗಳ (ಹಾರ್ಮೋನಿಕ್ಸ್) ಅಂತರ ನೋಡಿ ಕಿವಿ ಶ್ರುತಿಯನ್ನ ಊಹಿಸ್ಕೊಳ್ಳುತ್ತೆ, ಆದ್ರೆ ತೀರ್ಮಾನದಲ್ಲಿ ಅನುರಣನದ್ದೇ ಮೇಲುಗೈ. ಎದುರಿಗಿದ್ದಾಗ ಮುಖ, ಬಟ್ಟೆ ಸಹಾಯಕ್ಕೆ ಬರುತ್ತೆ, ಫೋನಲ್ಲಿ ಅದೂ ಇಲ್ಲ. ವೋಲ್ಟಿ ಕರೆ (4ಜಿ ಜಾಲದಲ್ಲೇ ಹೋಗೋ ಕರೆ) 50ರಿಂದ 7000 ತನಕ ಸಾಗಿಸಬಲ್ಲದು, ಹಾಗಾಗಿ ಆ ಸೆಟ್ಟಿಂಗ್ ಆನ್ ಇದೆಯಾ ನೋಡ್ಕೊಳ್ಳಿ.

ಅನುರಣನ ಹಿಡಿಯೋಕೆ ಪಿಸುಮಾತಿಂದ ಶುರು ಮಾಡಿ. ಪಿಸುಮಾತಲ್ಲಿ ಶ್ರುತಿ ಇರೋದೇ ಇಲ್ಲ, ಕೊಳವೆಯ ಆಕಾರ ಮಾತ್ರ ಕೇಳುತ್ತೆ. ಉಸಿರಲ್ಲೇ 'ಹ್ಹಾ' ಅನ್ನಿ, ಆಮೇಲೆ 'ಹ್ಹೀ'. ಎರಡನೇದು ಚುರುಕಾಗಿ ಕೇಳುತ್ತೆ. ಅಲ್ಲಿ ನಾಲಿಗೆಯ ಎರಡೂ ಅಂಚು ಮೇಲಿನ ದವಡೆ ಹಲ್ಲಿಗೆ ತಾಗಿರುತ್ತೆ, ಗಂಟಲ ಉಬ್ಬಿನ ಮೇಲೆ ಬೆರಳಿಟ್ರೆ ಅದು ಸ್ವಲ್ಪ ಮೇಲೆ ಹೋಗಿರೋದೂ ತಿಳಿಯುತ್ತೆ. ಆ ಜಾಗದಲ್ಲೇ ದನಿ ಸೇರಿಸಿ 'ಹೀ', 'ಮೀ', 'ನೀ' ಅನ್ನಿ. ಆಮೇಲೆ ಮೀನು, ನೀರು, ಈಗ. ಆಮೇಲೆ 'ನೀರು ಬೇಕು', 'ಮೀನು ಇದೆಯಾ'. 'ಈ'ಯ ಚುರುಕನ್ನ ಬಿಡದೆ 'ಏ'ಗೆ, ಅಲ್ಲಿಂದ 'ಆ'ಗೆ ಬನ್ನಿ. ಜಾರೋದು 'ಆ'ದಲ್ಲೇ, ಅದಕ್ಕೆ ವಾರಗಟ್ಟಲೆ ಹಿಡಿದ್ರೂ ಆಶ್ಚರ್ಯ ಇಲ್ಲ. ಪಿಸುಮಾತು ಎರಡು ನಿಮಿಷ ಸಾಕು. ಅದು ಗಂಟಲಿಗೆ ವಿಶ್ರಾಂತಿ ಅನ್ನೋದು ಸುಳ್ಳು, ಜಾಸ್ತಿ ಮಾಡಿದ್ರೆ ಒಣಗಿ ಬಿಗಿಯುತ್ತೆ.

ನಿಮ್ಮ ಸಂಜೆ ಬಿಗಿತಕ್ಕೆ ಕಾರಣ ಬಹುಶಃ ಇದು: ಗಂಟಲ ಉಬ್ಬನ್ನ ನುಂಗುವಾಗಿನ ಎತ್ತರಕ್ಕೆ ಎಳೆದು ಅಲ್ಲೇ ಹಿಡಿಯೋದು. ಆಗ ಕೆಲಸ ಮಾಡೋದು ನುಂಗುವ ಸ್ನಾಯುಗಳು, ಇಡೀ ದಿನ ಅವು ತಡೆಯಲ್ಲ. ಹೆಬ್ಬೆರಳಿಂದ ಗಲ್ಲದ ಕೆಳಗಿನ ಮೆತ್ತನೆ ಜಾಗ ಒತ್ತಿ ಮಾತಾಡಿ ನೋಡಿ. ಕಲ್ಲಿನಂಗೆ ಗಟ್ಟಿಯಾಗಿದ್ರೆ ಅಲ್ಲಿಗೇ ನಿಲ್ಲಿಸಿ, ಆಕಳಿಸಿ ಸಡಿಲ ಮಾಡಿ, ಅರ್ಧ ಎತ್ತರದಲ್ಲಿ ಮತ್ತೆ ಶುರು ಮಾಡಿ.

ತಂಬೂರಿ_ತಂತಿ:

ಮೇಲೆ ಹೇಳಿದ್ದು ಸರಿ. ಶ್ರುತಿ ಬಗ್ಗೆ ಒಂದು ಮಾತು. ನೇರ 190ಕ್ಕೆ ಹಾರೋದು ಬೇಡ. 120 ನಿಮ್ಮ ಷಡ್ಜ (ಸ) ಅಂತಿಟ್ಕೊಳ್ಳಿ. ಮಧ್ಯಮ (ಮ) 160ಕ್ಕೆ ಬರುತ್ತೆ, ಪಂಚಮ (ಪ) 180ಕ್ಕೆ, ತಾರ ಷಡ್ಜ (ಮೇಲಿನ ಸ) 240. ಮೊದಲು ಮಧ್ಯಮದಲ್ಲಿ ನಿಂತು ಮಾತಾಡೋದು ಕಲೀರಿ, ಆಮೇಲೆ ಪಂಚಮ. ತಾರ ಷಡ್ಜದ ಹತ್ರ ಹೋದ್ರೆ ಬರೋದು ಕಳ್ಳದನಿ, ಅಂದ್ರೆ ತೆಳ್ಳಗಿನ ಹುಸಿದನಿ. ಹಾಡಿಗೆ ನಡೆಯುತ್ತೆ, ತರಕಾರಿ ಚೌಕಾಸಿಗೆ ನಡೆಯಲ್ಲ.

ಫೋನಿನ ಕೀಬೋರ್ಡ್ ಆ್ಯಪ್‌ನಲ್ಲಿ ಇ3 ಒತ್ತಿದ್ರೆ ಸುಮಾರು 165, ಎಫ್3 ಒತ್ತಿದ್ರೆ 175, ಜಿ3 ಅಂದ್ರೆ 196. ಸ್ವರ ಒತ್ತಿ ಗುಂಯ್ ಅಂತ ಹಿಡಿದು, ಅದೇ ಉಸಿರಲ್ಲಿ 'ಒಂದು ಎರಡು ಮೂರು' ಅನ್ನಿ. ಮೊದಮೊದಲು ಮಂತ್ರ ಹೇಳಿದಂಗೆ ಕೇಳುತ್ತೆ, ಕೇಳಲಿ. ಆಮೇಲೆ ಏರಿಳಿತ ಸೇರಿಸಿ. ಸರಳೆ ವರಸೆ ಚೆನ್ನಾಗಿ ಬರುತ್ತೆ, ಮಾತೂ ತಾನಾಗೇ ಬರುತ್ತೆ ಅಂತ ನಂಬ್ಕೊಂಡವರು ಬಹಳ ಜನ. ಬರಲ್ಲ. ಹಾಡಿಂದ ಮಾತಿಗೆ ಸೇತುವೆ ಬೇರೆಯಾಗೇ ಕಟ್ಟಬೇಕು.

ಆ್ಯಪ್‌ನ ಅಂಕಿಯನ್ನ ಕಣ್ಮುಚ್ಚಿ ನಂಬಬೇಡಿ. ದನಿ ಗೊರಗೊರ ಅಂದಾಗ ಕೆಲವು ಆ್ಯಪ್ 120ನ್ನ 60 ಅಥವಾ 240 ಅಂತ ತೋರಿಸ್ತವೆ. ಫ್ಯಾನ್ ಆರಿಸಿ, ಫೋನ್ ಒಂದು ಗೇಣು ದೂರ ಇಡಿ, ವಾರಕ್ಕೊಂದ್ಸಲ ಅದೇ ನಾಲ್ಕು ಸಾಲು ಓದಿ ರೆಕಾರ್ಡ್ ಮಾಡಿ. 'ಆ' ಅಂತ ಎಳೆದ ಶ್ರುತಿ ಬೇರೆ, ಓದುವಾಗಿನ ಸರಾಸರಿ ಬೇರೆ. ಲೆಕ್ಕಕ್ಕೆ ಬರೋದು ಎರಡನೇದು. ಲ್ಯಾಪ್‌ಟಾಪ್ ಇದ್ರೆ ಪ್ರಾಟ್ ಅನ್ನೋ ಉಚಿತ ತಂತ್ರಾಂಶ ಹಾಕ್ಕೊಳ್ಳಿ, ಅದರಲ್ಲಿ ಅನುರಣನ ಎಲ್ಲಿದೆ ಅಂತ ತೋರಿಸೋ ಫಾರ್ಮೆಂಟ್ ಗೆರೆಗಳೂ ಕಾಣ್ತವೆ.

ಸಾಲಿನ_ಕೊನೆ:

ಕನ್ನಡದ್ದೇ ಎರಡು ತೊಡಕು ಯಾರೂ ಹೇಳಿಲ್ಲ. ಇಂಗ್ಲಿಷ್ ವಿಡಿಯೋ ನೋಡಿ ಕಲಿತವರೆಲ್ಲ ಇಲ್ಲೇ ಎಡವೋದು.

ನಮ್ಮ ಪದ ಮುಗಿಯೋದು ಸ್ವರದಲ್ಲಿ, ವಾಕ್ಯ ಮುಗಿಯೋದು ಕ್ರಿಯಾಪದದಲ್ಲಿ. 'ನಾಳೆ ಬೆಳಿಗ್ಗೆ ಬರ್ತೀನಿ' ಅನ್ನುವಾಗ 'ನಾಳೆ' ಪಂಚಮದಲ್ಲಿ ಇರುತ್ತೆ, 'ತೀನಿ' ಬರೋ ಹೊತ್ತಿಗೆ ಉಸಿರು ಮುಗಿದು ದನಿ ಎದೆಗೆ ಬಿದ್ದಿರುತ್ತೆ. ಕೇಳೋರಿಗೆ ನೆನಪಲ್ಲಿ ಉಳಿಯೋದು ಆ ಕೊನೆ ಅಕ್ಷರವೇ. ವಾಕ್ಯ ಗಿಡ್ಡ ಮಾಡಿ, ಉಸಿರು ಇನ್ನೂ ಉಳಿದಿರುವಾಗಲೇ ನಿಲ್ಲಿಸಿ. ಅಭ್ಯಾಸಕ್ಕೆ ಬರೀ ಬಾಲ ತಗೊಳ್ಳಿ: 'ತೀನಿ, ಬರ್ತೀನಿ, ನಾಳೆ ಬರ್ತೀನಿ', ಹಿಂದಿನಿಂದ ಮುಂದಕ್ಕೆ ಕಟ್ಟಿ. ಇನ್ನು ನಾನು, ಬೇಕು, ಆಯ್ತು, ಸಾಕು ಎಲ್ಲ 'ಉ'ಕಾರಾಂತ. ತುಟಿ ಮುಂದೆ ಚಾಚಿದಷ್ಟೂ ಕೊಳವೆ ಉದ್ದ ಆಗಿ ದನಿ ಮಬ್ಬಾಗುತ್ತೆ. ತುಟಿಯನ್ನ ಕಮ್ಮಿ ಚಾಚಿ.

ಎರಡನೇದು 'ಹ್ಞೂಂ'. ಆ ಕಡೆಯವರು ಮಾತಾಡ್ತಿದ್ರೆ ನಾವು ಹ್ಞೂಂ, ಹಾಂ, ಸರಿ ಅಂತಿರ್ತೀವಲ್ಲ, ಅದು ಗಮನಕ್ಕೇ ಬರಲ್ಲ, ಹಳೇ ಜಾಗದಿಂದಲೇ ಬರುತ್ತೆ. ಹತ್ತು ನಿಮಿಷ ಕಾಪಾಡ್ಕೊಂಡು ಬಂದ ದನಿಯನ್ನ ಒಂದು ಹ್ಞೂಂ ಕೆಡಿಸುತ್ತೆ. ಅದನ್ನೇ ಪಾಠ ಮಾಡ್ಕೊಳ್ಳಿ. ಕೆಮ್ಮು, ನಗು, ಸೀನು ಕೂಡ ಹಾಗೇ, ಆದ್ರೆ ಅವಕ್ಕೆ ಇನ್ನೂ ಸಮಯ ಹಿಡಿಯುತ್ತೆ.

ಸೀರಿಯಲ್ ನಾಯಕಿ ಥರ ರಾಗ ಎಳೆಯೋ ಅಗತ್ಯ ಖಂಡಿತ ಇಲ್ಲ. ತುಮಕೂರಿನ ಹೆಂಗಸರು ಹಂಗೆ ಮಾತಾಡಲ್ಲ.

ಶಿರಾಗೇಟ್_ಹುಡುಗಿ:

ಗಲ್ಲದ ಕೆಳಗೆ ನಿಜವಾಗ್ಲೂ ಕಲ್ಲೇ ಇದೆ! ಹ್ಞೂಂ ವಿಷಯ ಹೊಳೆದೇ ಇರ್ಲಿಲ್ಲ. ಬಸ್ ಸ್ಟ್ಯಾಂಡಲ್ಲಿ, ಬಿ.ಎಚ್. ರಸ್ತೇಲಿ ಮಾತಾಡುವಾಗ ಎಲ್ಲ ಕೈಬಿಟ್ಟು ಹೋಗುತ್ತೆ, ಅದಕ್ಕೇನು ಮಾಡೋದು? ವಠಾರದ ಪ್ರಶ್ನೆ ಹಂಗೇ ಉಳೀತು.

ಮಾತುಗಾತಿ_ಎಸ್‌ಎಲ್‌ಪಿ:

ವಠಾರಕ್ಕೆ ಎಳನೀರಿನ ಸ್ಟ್ರಾ ಸಾಕು. ಪ್ಲಾಸ್ಟಿಕ್ಕಿನದೋ ಸ್ಟೀಲಿನದೋ ಇರಲಿ, ಕಾಗದದ್ದು ನೆನೆದು ಮುದ್ದೆಯಾಗುತ್ತೆ. ಲೋಟಕ್ಕೆ ಅರ್ಧ ನೀರು, ಸ್ಟ್ರಾ ತುದಿ ನೀರೊಳಗೆ 2–3 ಸೆಂಟಿಮೀಟರ್, ಅಂದ್ರೆ ಎರಡು ಬೆರಳಗಲ. ತುಟಿ ಬಿಗಿಯಾಗಿ ಮುಚ್ಚಿ 'ಊ' ಅನ್ನಿ, ಗುಳ್ಳೆ ಒಂದೇ ಸಮ ಬರಬೇಕು. ಕೆಳಗಿಂದ ಮೇಲಕ್ಕೆ ಜಾರಿಸಿ, ಮೇಲಿಂದ ಕೆಳಕ್ಕೆ. ಮಧ್ಯೆ ಮೂಗು ಹಿಡಿದು ನೋಡಿ. ಸದ್ದು ಬದಲಾದ್ರೆ ಗಾಳಿ ಮೂಗಲ್ಲಿ ಸೋರ್ತಿದೆ ಅಂತ. ಗುಳ್ಳೆ ನಿಂತು ನಿಂತು ಬಂದ್ರೆ ಉಸಿರು ತಡವರಿಸ್ತಿದೆ ಅಂತ. ಬಾಯೊಳಗಿನ ಒತ್ತಡ ಧ್ವನಿತಂತುಗಳನ್ನ ಸ್ವಲ್ಪ ಅಗಲ ಇಡುತ್ತೆ, ಅದಕ್ಕೇ ಅವು ಜೋರಾಗಿ ಬಡ್ಕೊಳ್ಳಲ್ಲ. ಪಕ್ಕದ ಮನೆಗೆ ಗುಳುಗುಳು ಬಿಟ್ರೆ ಬೇರೇನೂ ಕೇಳಲ್ಲ. ದಿನಕ್ಕೆ 10–15 ನಿಮಿಷದಂಗೆ ಎರಡು ಮೂರು ಸಲ ಮಾಡಿ. ಒಂದೇ ಏಟಿಗೆ ಒಂದು ಗಂಟೆ ಕೂರಬೇಡಿ.

ಗದ್ದಲದಲ್ಲಿ ಎಲ್ಲರ ದನಿಯೂ ತಾನಾಗೇ ಜೋರಾಗುತ್ತೆ, ಜೋರಾದಾಗ ತಂತುಗಳು ದಪ್ಪಗೆ ಮುಚ್ಕೊಳ್ತವೆ, ಹಳೇ ಭಾರ ವಾಪಸ್. ಭಾರ ಇಳಿಸೋಕೆ 'ಹ'ಕಾರದ ಪದಗಳು: ಹಾಲು, ಹೂವು, ಹೋಗಿ. 'ಹ'ದ ಉಸಿರು ಮುಂದೆ ಹೋಗಲಿ, ದನಿ ಹಿಂದೆ ಬರಲಿ. ನಮ್ಮ ಕಡೆ ಹಾಲನ್ನ 'ಆಲು' ಅನ್ನೋ ರೂಢಿ, ಈ ಪಾಠದಲ್ಲಿ ಮಾತ್ರ ಹಕಾರ ನುಂಗಬೇಡಿ. ಹಗುರ ಕೈಗೆ ಹತ್ತಿದ ಮೇಲೆ ಉಸಿರು ಕಮ್ಮಿ ಮಾಡಿ, ಇಲ್ಲದಿದ್ರೆ ದನಿ ಬರೀ ಗಾಳಿಯಾಗಿ ಬೇಗ ದಣಿಯುತ್ತೆ. ಮೊದಲು ರೇಡಿಯೋ ಸಣ್ಣಗೆ ಹಾಕಿ ಅದರ ಮೇಲೆ ಮಾತಾಡಿ, ಆಮೇಲೆ ಅಮಾನಿಕೆರೆ ದಂಡೆ ಮೇಲೆ ಓಡಾಡ್ತಾ. ಬಸ್ ಸ್ಟ್ಯಾಂಡ್ ಕೊನೆಗೆ. ಅಲ್ಲಿ ಕೂಗೋ ಬದಲು ಹತ್ರ ಹೋಗಿ ಮಾತಾಡೋದೇ ಜಾಣತನ.

ಬೀಡಿ, ಸಿಗರೇಟ್ ಇದ್ರೆ ಬಿಡಿ, ತಂತು ಊದಿ ಶ್ರುತಿ ಇಳಿಯುತ್ತೆ. ರಾತ್ರಿ ತಡವಾಗಿ ಉಂಡು ತಕ್ಷಣ ಮಲಗಿದ್ರೆ ಹುಳಿ ಮೇಲೆ ಬಂದು ಬೆಳಿಗ್ಗೆ ಗಂಟಲು ಕೆರೆಯುತ್ತೆ. ಕೆರೀತು ಅಂತ ಖೆಕ್ ಖೆಕ್ ಅನ್ನದೆ ಒಂದು ಗುಟುಕು ನೀರು ಕುಡೀರಿ.

ಚೀಟಿ_ಮಾಡ್ಸಿ:

ಎಲ್ಲಿ ತೋರಿಸೋದು ಅನ್ನೋದಕ್ಕೆ. ದನಿ ಒಡೆಯೋದು ಎರಡು ಮೂರು ವಾರ ದಾಟಿದ್ರೆ ಅಭ್ಯಾಸಕ್ಕಿಂತ ಮೊದಲು ಇಎನ್‌ಟಿ ಡಾಕ್ಟರ ಹತ್ರ ಲ್ಯಾರಿಂಗೋಸ್ಕೋಪಿ (ಧ್ವನಿತಂತುಗಳನ್ನ ನೇರವಾಗಿ ನೋಡೋ ಪರೀಕ್ಷೆ) ಮಾಡಿಸಿ, ಗಂಟು ಆಗಿದೆಯಾ ತಿಳಿಯುತ್ತೆ. ಆ ಪರೀಕ್ಷೆ ಬಗ್ಗೆ ತುಮಕೂರು ಜಿಲ್ಲಾಸ್ಪತ್ರೆಯಲ್ಲೇ ಮೊದಲು ವಿಚಾರಿಸಿ.

ಮಾತಿನ ಥೆರಪಿಸ್ಟ್ ಹುಡುಕುವಾಗ ಬಿಎಎಸ್‌ಎಲ್‌ಪಿ ಅಥವಾ ಎಂಎಎಸ್‌ಎಲ್‌ಪಿ (ವಾಕ್ ಶ್ರವಣ ವಿಷಯದ) ಪದವಿ, ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿಯ ಸಿಆರ್‌ಆರ್ ನಂಬರ್ ಕೇಳಿ. ಶ್ರವಣ ಸಾಧನದ ಅಂಗಡಿಯಲ್ಲಿ ಕೂತಿರೋ ಆಡಿಯಾಲಜಿಸ್ಟ್‌ಗೂ ಇದೇ ಪದವಿ ಇರಬಹುದು, ಆದ್ರೆ ದಿನಾ ನೋಡೋದು ಕಿವಿ ಮತ್ತು ಮಕ್ಕಳ ಮಾತು. 'ವಾಯ್ಸ್ ಕೇಸ್ ತಗೋತೀರಾ' ಅಂತ ಫೋನಲ್ಲೇ ಕೇಳ್ಬಿಡಿ. ಇಲ್ಲ ಅಂದ್ರೆ ಬೆಂಗಳೂರು ನಿಮ್ಹಾನ್ಸ್‌ನ ವಾಕ್ ಶ್ರವಣ ವಿಭಾಗ ಸುಮಾರು 70 ಕಿಲೋಮೀಟರ್, ಇನ್ನೊಂದು ಮೈಸೂರು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, 1965ರಿಂದ ಇದೆ. ಮೊದಲ ಪರೀಕ್ಷೆ ಎದುರಾಎದುರು ಆಗ್ಲಿ, ಮುಂದಿನದ್ದು ವಿಡಿಯೋದಲ್ಲಿ ಸಾಧ್ಯವಾ ಕೇಳಿ. ಜೂಮ್ ಆದ್ರೆ 'ಒರಿಜಿನಲ್ ಸೌಂಡ್' ಆನ್ ಮಾಡಿ, ಇಲ್ಲಾಂದ್ರೆ ಎಳೆದ ಸ್ವರವನ್ನ ಅದು ಗದ್ದಲ ಅಂತ ಕತ್ತರಿಸುತ್ತೆ. ಟಿಜಿ ಕಾರ್ಡ್ (ಟ್ರಾನ್ಸ್‌ಜೆಂಡರ್ ಗುರುತಿನ ಚೀಟಿ) ಇಲ್ಲ ಅಂತ ಹಿಂಜರೀಬೇಡಿ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣಾ ಕಾಯ್ದೆಯ 3ನೇ ಕಲಂ ಪ್ರಕಾರ ಆಸ್ಪತ್ರೆಯಲ್ಲಿ ತಾರತಮ್ಯ ಮಾಡೋ ಹಂಗಿಲ್ಲ.

ಆಪರೇಷನ್ ಮಾಡಿಸಿದ್ರೂ ಒದ್ದಾಟ ತಪ್ಪಲ್ಲ. ವೆಂಡ್ಲರ್ ಗ್ಲಾಟೋಪ್ಲಾಸ್ಟಿ ಅನ್ನೋ ಶ್ರುತಿ ಏರಿಸೋ ಆಪರೇಷನ್‌ನಲ್ಲಿ ತಂತುಗಳ ಮುಂಭಾಗದ ಸುಮಾರು ಮೂರನೇ ಒಂದು ಪಾಲನ್ನ ಹೊಲಿದು ಕಂಪಿಸೋ ಉದ್ದ ಗಿಡ್ಡ ಮಾಡ್ತಾರೆ. ಶ್ರುತಿ ಏರುತ್ತೆ, ಕೊಳವೆ ಹಂಗೇ ಇರುತ್ತೆ. ಅಂದ್ರೆ ನಿಮ್ಮ ಫೋನಿನ ತೊಂದರೆಗೆ ಅದು ಮದ್ದಲ್ಲ. ಆಮೇಲೆ ವಾರ ಎರಡು ವಾರ ಮೌನ, ಮತ್ತೆ ಥೆರಪಿ. ಜೋರಾಗಿ ಕೂಗೋ ಶಕ್ತಿ ಕಮ್ಮಿಯಾಗಬಹುದು, ವಾಪಸ್ ಮಾಡೋದು ಕಷ್ಟ. ಗಂಟಲ ಮೃದ್ವಸ್ಥಿಗಳನ್ನ (ಮೆತ್ತನೆ ಮೂಳೆಗಳನ್ನ) ಹತ್ರ ಎಳೆದು ಕಟ್ಟೋ ಹಳೇ ವಿಧಾನದಲ್ಲಿ ಕ್ರಮೇಣ ಸಡಿಲವಾಗಿ ಶ್ರುತಿ ಇಳಿಯೋದುಂಟು. ಗಂಟಲ ಉಬ್ಬು ತೆಗೆಸೋದು ಬೇರೆಯೇ ಆಪರೇಷನ್, ಅದರಿಂದ ದನಿ ಏರಲ್ಲ. ಜಾಸ್ತಿ ಕೆರೆದು ತಂತು ಅಂಟಿರೋ ಜಾಗಕ್ಕೆ ಪೆಟ್ಟಾದ್ರೆ ಇಳಿಯೋ ಅಪಾಯವೇ ಇದೆ. ಅದನ್ನ ಮಾಡಿಸೋ ಯೋಚನೆ ಇದ್ರೆ ಈಗಿನ ದನಿಯ ರೆಕಾರ್ಡಿಂಗು, ಲ್ಯಾರಿಂಗೋಸ್ಕೋಪಿಯ ವಿಡಿಯೋ ಎರಡನ್ನೂ ಪೆನ್‌ಡ್ರೈವ್‌ಗೆ ಹಾಕಿಸ್ಕೊಂಡು ಸರ್ಜನ್‌ಗೆ ಮೊದಲೇ ತೋರಿಸಿ.