ಸೋಲು ಖಾತ್ರಿಯಾದ ಮೇಲೂ ಕಣದಲ್ಲಿ ಇರಬೇಕಾ?

ಹಾಸನ ಟು ಹ್ಯೂಸ್ಟನ್:
ಮೊನ್ನೆ ಊರಿಂದ ಬಂದಿದ್ದ ಭಾವನ ಜೊತೆ ಊಟಕ್ಕೆ ಕೂತಾಗ ಶುರುವಾದ ವಾದ ಇದು. ಅನ್ನ ಆರಿಹೋಯಿತು, ವಾದ ಮುಗಿಯಲಿಲ್ಲ. ಅದಕ್ಕೇ ಇಲ್ಲಿ ತಂದು ಹಾಕುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದಲ್ಲಿ ಅಧ್ಯಕ್ಷ ಸ್ಥಾನದ ಟಿಕೆಟ್ಟನ್ನು ಹೈಕಮಾಂಡ್ ಕೊಡುವುದಿಲ್ಲ. ಪ್ರೈಮರಿಯಲ್ಲಿ ಮತದಾರರೇ ವೋಟು ಹಾಕಿ ಆರಿಸುತ್ತಾರೆ. ವರ್ಷದ ಶುರುವಿನಿಂದ ಜೂನ್‌ವರೆಗೆ ಒಂದೊಂದಾಗಿ, ಕೆಲವು ದಿನ ಒಟ್ಟೊಟ್ಟಿಗೆ, ರಾಜ್ಯಗಳ ಸರದಿ. ಪ್ರತಿ ರಾಜ್ಯಕ್ಕೂ ಇಷ್ಟು ಡೆಲಿಗೇಟ್‌ಗಳು, ಅಂದರೆ ಪ್ರತಿನಿಧಿಗಳು, ಅಂತ ಲೆಕ್ಕ. ಬೇಸಿಗೆಯಲ್ಲಿ ನಡೆಯುವ ಪಕ್ಷದ ಸಮಾವೇಶದಲ್ಲಿ ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಯಾರ ಕಡೆಯೋ ಅವರಿಗೆ ಟಿಕೆಟ್.

2008ರಲ್ಲಿ ಡೆಮಾಕ್ರಟಿಕ್ ಪಕ್ಷದೊಳಗೆ ನಡೆದ ಒಬಾಮಾ, ಹಿಲರಿ ಕ್ಲಿಂಟನ್ ಪೈಪೋಟಿ ನೆನಪಿದೆಯಾ? ಹಲವು ರಾಜ್ಯಗಳು ಒಂದೇ ದಿನ ವೋಟು ಹಾಕುವ ಸೂಪರ್ ಟ್ಯೂಸ್‌ಡೇ ಫೆಬ್ರವರಿ 5ಕ್ಕೆ ಆದ ಮೇಲೆ ಒಬಾಮಾ ಸಾಲಾಗಿ 11 ಕಡೆ ಗೆದ್ದರು. ಮಾರ್ಚ್‌ನಲ್ಲಿ ಸೆನೆಟರ್ ಪ್ಯಾಟ್ರಿಕ್ ಲೇಹಿ ಬಾಯಿಬಿಟ್ಟು ಹೇಳಿದರು, ಹಿಲರಿ ಇನ್ನು ಹಿಂದೆ ಸರಿಯಲಿ ಅಂತ. ಆಕೆ ಸರಿದದ್ದು ಜೂನ್ 7ಕ್ಕೆ. ನನ್ನ ಪ್ರಕಾರ ಮಾರ್ಚ್‌ನಲ್ಲೇ ಬಿಡಬೇಕಿತ್ತು. ಸುಮ್ನೆ ಮೂರು ತಿಂಗಳು ತಮ್ಮ ಪಕ್ಷದವರನ್ನೇ ಬೈದುಕೊಂಡು, ಎದುರಾಳಿ ರಿಪಬ್ಲಿಕನ್ ಪಕ್ಷದ ಮೆಕೇನ್‌ಗೆ ಬಿಡುವು ಕೊಟ್ಟರು. ಭಾವ ಅನ್ನುತ್ತಾರೆ, ಕೊನೆಯ ವೋಟು ಬೀಳುವವರೆಗೂ ಯಾರನ್ನೂ ಎಬ್ಬಿಸಬಾರದು ಅಂತ. ನೀವೇನಂತೀರಿ?

ಸುಮ್ನೆ ಓದುಗ:
ನಮ್ಮಲ್ಲಿ ಈ ತಲೆನೋವೇ ಇಲ್ಲ ನೋಡಿ. ಬಿ ಫಾರಂ ಯಾರ ಕೈಗೆ ಅಂತ ಕೊನೇ ದಿನದ ಮಧ್ಯಾಹ್ನ ಗೊತ್ತಾಗುತ್ತದೆ. ಸಿಗದವರು ಅವತ್ತೇ ಬಂಡಾಯ. ನಾಮಪತ್ರ ವಾಪಸ್ ತೆಗೆಸೋಕೆ ರಾತ್ರಿಯೆಲ್ಲ ಸಂಧಾನ. ಎಲ್ಲ ಒಂದು ವಾರದಲ್ಲಿ ಮುಗಿಯುತ್ತದೆ.

ಗಣಿತ ಮೇಷ್ಟ್ರು:
ಹಾಸನದವರೇ, ನಾನು ನಿಮ್ಮ ಕಡೆ. ಲೆಕ್ಕದ ಕಾರಣಕ್ಕೆ. ಮುಂದಿನ ರಾಜ್ಯ ಗೆಲ್ಲುವುದು ಬೇರೆ, ಹಿಂದಿನ ಅಂತರ ಮುಚ್ಚುವುದು ಬೇರೆ. ಟಿವಿಯವರು ಇದನ್ನು ಯಾವಾಗಲೂ ಕಲಸಿಬಿಡುತ್ತಾರೆ.

ಡೆಮಾಕ್ರಟಿಕ್ ಪಕ್ಷದಲ್ಲಿ ವೋಟಿನ ಪ್ರಮಾಣ ನೋಡಿ ಡೆಲಿಗೇಟ್ ಹಂಚುತ್ತಾರೆ. ಶೇ 15 ದಾಟಿದವರಿಗೆಲ್ಲ ಪಾಲು. ಏಪ್ರಿಲ್ 22ಕ್ಕೆ ಪೆನ್ಸಿಲ್ವೇನಿಯಾದಲ್ಲಿ ಹಿಲರಿ ಸುಮಾರು ಶೇ 9ರ ಅಂತರದಿಂದ ಗೆದ್ದರು. ಭಾರೀ ಗೆಲುವು ಅಂತ ಸುದ್ದಿಯೋ ಸುದ್ದಿ. ಆ ರಾಜ್ಯದ 158 ಡೆಲಿಗೇಟ್‌ಗಳಲ್ಲಿ ಅವರಿಗೆ ಬಂದದ್ದು 85, ಒಬಾಮಾಗೆ 73. ಗಳಿಕೆ ಬರೀ 12. ಹಿಂದಿದ್ದದ್ದು ನೂರಕ್ಕೂ ಜಾಸ್ತಿ. ಅಂದರೆ ಪೆನ್ಸಿಲ್ವೇನಿಯಾದಂಥ ರಾಜ್ಯಗಳು ಇನ್ನೂ ಎಂಟು ಹತ್ತು ಬೇಕಿತ್ತು. ಅಷ್ಟು ದೊಡ್ಡ ರಾಜ್ಯಗಳು ಬಾಕಿಯೇ ಇರಲಿಲ್ಲ. ಲೆಕ್ಕ ಮುಗಿದ ದಿನ ಆಟವೂ ಮುಗಿದಂತೆ.

ನ್ಯೂಜೆರ್ಸಿ ಸುಮಾ:
ಮೇಷ್ಟ್ರೇ, ಲೆಕ್ಕ ಪೂರ್ತಿ ಹೇಳಿ. ಬರೀ ಪ್ರೈಮರಿಯ ಡೆಲಿಗೇಟ್‌ಗಳಿಂದ ಒಬಾಮಾಗೂ ಬಹುಮತ ಸಿಕ್ಕಿರಲಿಲ್ಲ. ಸುಮಾರು 800 ಸೂಪರ್ ಡೆಲಿಗೇಟ್‌ಗಳು ಇದ್ದರು. ಪಕ್ಷದ ಸಂಸದರು, ಗವರ್ನರ್‌ಗಳು, ಪದಾಧಿಕಾರಿಗಳು. ಅವರು ಯಾರ ಕಡೆ ಬೇಕಾದರೂ ಹೋಗಬಹುದಿತ್ತು. ಫ್ಲಾರಿಡಾ, ಮಿಶಿಗನ್ ರಾಜ್ಯಗಳು ಪಕ್ಷದ ಮಾತು ಮೀರಿ ಮೊದಲೇ ಪ್ರೈಮರಿ ನಡೆಸಿದ್ದಕ್ಕೆ ಅವುಗಳ ಡೆಲಿಗೇಟ್‌ಗಳನ್ನೇ ಕಿತ್ತುಕೊಂಡಿದ್ದರು. ಕೊನೆಗೆ ತಲೆಗೆ ಅರ್ಧ ವೋಟು ಅಂತ ತೀರ್ಮಾನವಾದದ್ದು ಮೇ 31ಕ್ಕೆ. ಎಷ್ಟಕ್ಕೆ ಬಹುಮತ ಅಂತಲೇ ಖಚಿತವಿಲ್ಲದಾಗ ಸೋತಿದ್ದೀರಿ, ಏಳಿ ಅಂದರೆ ಹೇಗೆ?

ಇನ್ನೊಂದು, ನಮ್ಮ ರಾಜ್ಯದ ಗೋಳು ಕೇಳಿ. 2016ರಲ್ಲಿ ನಮ್ಮ ಸರದಿ ಬಂದದ್ದು ಜೂನ್ 7ಕ್ಕೆ. ರಿಪಬ್ಲಿಕನ್ ಕಡೆ ಟ್ರಂಪ್ ಎದುರು ನಿಂತಿದ್ದ ಕ್ರೂಜ್ ಮೇ 3ಕ್ಕೆ, ಕೇಸಿಕ್ ಮೇ 4ಕ್ಕೆ ಗಂಟು ಕಟ್ಟಿದ್ದರು. ಡೆಮಾಕ್ರಟಿಕ್ ಕಡೆ ನಮ್ಮ ವೋಟಿನ ಹಿಂದಿನ ದಿನವೇ ಸುದ್ದಿಸಂಸ್ಥೆ ಹಿಲರಿಗೆ ಟಿಕೆಟ್ ಖಚಿತ ಅಂತ ಹೇಳಿಬಿಟ್ಟಿತು. ಎಲೆ ಎತ್ತಿದ ಮೇಲೆ ಊಟಕ್ಕೆ ಕರೆದ ಹಾಗೆ. ಹಿಲರಿ ಎದುರಿನ ಸ್ಯಾಂಡರ್ಸ್ ಇನ್ನೂ ಕಣದಲ್ಲಿದ್ದರು ಅಂತ ನನ್ನಂಥವರಿಗೆ ಮತಗಟ್ಟೆಗೆ ಹೋಗೋಕೆ ಒಂದು ನೆಪವಾದರೂ ಇತ್ತು.

ಹಾಸನ ಟು ಹ್ಯೂಸ್ಟನ್:
ಸುಮಾ ಅವರೇ, ನಿಮಗೆ ಕೊರತೆ, ನಮಗೆ ಅತಿಯಾಯಿತು! 2008ರ ಮಾರ್ಚ್ 4ಕ್ಕೆ ಟೆಕ್ಸಸ್‌ನಲ್ಲಿ ನಾವು ಎರಡು ಸಲ ಹೋಗಬೇಕಿತ್ತು. ಹಗಲು ಪ್ರೈಮರಿ, ಮತಗಟ್ಟೆ ಮುಚ್ಚಿದ ಮೇಲೆ ರಾತ್ರಿ ಕಾಕಸ್ ಅನ್ನುವ ಪಕ್ಷದ ಸಭೆ. ಶಾಲೆಯ ಹಾಲ್‌ನಲ್ಲಿ ಸಾಲು ಹೊರಗಿನವರೆಗೂ ಬಂದಿತ್ತು. ಹೆಸರು ಬರೆಸಿ ಸಹಿ ಹಾಕೋಕೆ ಒಂದೂವರೆ ಗಂಟೆ. ವೋಟಿನಲ್ಲಿ ಹಿಲರಿ ಗೆದ್ದರು. ಎರಡನ್ನೂ ಕೂಡಿಸಿದರೆ ಒಬಾಮಾಗೆ 99 ಡೆಲಿಗೇಟ್, ಹಿಲರಿಗೆ 94. ಗೆದ್ದ ರಾಜ್ಯದಲ್ಲೂ ಹಿಂದೆ ಬಿದ್ದರು. ಅವತ್ತೇ ಅಲ್ವಾ ಹೊರಡಬೇಕಿದ್ದದ್ದು?

ನ್ಯೂಜೆರ್ಸಿ ಸುಮಾ:
ಆ ಒಂದೂವರೆ ಗಂಟೆ ನಿಂತ ಜನ ನವೆಂಬರ್‌ನ ಮುಖ್ಯ ಚುನಾವಣೆಯಲ್ಲಿ ಎಲ್ಲಿ ಹೋದರು ಹೇಳಿ? ಟೆಕ್ಸಸ್ ಬಿಡಿ, ಅದು ಹೇಗೂ ಬರುತ್ತಿರಲಿಲ್ಲ. ಇಂಡಿಯಾನಾ ನೋಡಿ. ಮೇ 6ರ ಪ್ರೈಮರಿಗೋಸ್ಕರ ಇಬ್ಬರೂ ಅಲ್ಲಿ ಊರೂರು ಅಲೆದರು, ಕಚೇರಿ ತೆರೆದರು, ಹೊಸ ಮತದಾರರನ್ನು ಪಟ್ಟಿಗೆ ಸೇರಿಸಿದರು. ಮಾಮೂಲಿ ವರ್ಷದಲ್ಲಿ ಅಲ್ಲಿಗೆ ಯಾವ ಡೆಮಾಕ್ರಟ್ ಹೋಗುತ್ತಿದ್ದರು? ನವೆಂಬರ್‌ನಲ್ಲಿ ಒಬಾಮಾ ಇಂಡಿಯಾನಾ ಗೆದ್ದರು, 1964ರ ನಂತರ ಮೊದಲ ಸಲ ಡೆಮಾಕ್ರಟಿಕ್ ಪಕ್ಷಕ್ಕೆ. ಅದೇ ದಿನ ಪ್ರೈಮರಿ ನಡೆದ ನಾರ್ತ್ ಕ್ಯಾರೊಲಿನಾ ಕೂಡ 1976ರ ನಂತರ ಮೊದಲ ಸಲ. ಅಲ್ಲಿ ಅಂತರ ಸುಮಾರು 14 ಸಾವಿರ ವೋಟು. ಹಿಲರಿ ಮಾರ್ಚ್‌ನಲ್ಲೇ ಮನೆಗೆ ಹೋಗಿದ್ದರೆ ಈ ಕೆಲಸ ಆಗುತ್ತಿತ್ತಾ?

ಗಣಿತ ಮೇಷ್ಟ್ರು:
ಆ ವರ್ಷ ಆರ್ಥಿಕತೆ ಕುಸಿದಿತ್ತು. ಪ್ರೈಮರಿಯಿಂದಲೇ ಗೆದ್ದರು ಅನ್ನೋಕೆ ಆಗುವುದಿಲ್ಲ. ಆದರೆ ಒಪ್ಪುತ್ತೇನೆ, ನಷ್ಟವಂತೂ ಆದ ಹಾಗೆ ಕಾಣುವುದಿಲ್ಲ.

ದಾವಣಗೆರೆ ದೋಸೆ:
ನಷ್ಟ ನೋಡಬೇಕಾ? 1980. ಕಾರ್ಟರ್ ಹಾಲಿ ಅಧ್ಯಕ್ಷ, ಅವರ ಪಕ್ಷದವರೇ ಆದ ಟೆಡ್ ಕೆನಡಿ ಎದುರು ನಿಂತರು. ಡೆಲಿಗೇಟ್ ಲೆಕ್ಕದಲ್ಲಿ ಜೂನ್‌ಗೇ ಸೋತಿದ್ದರು. ಆದರೂ ಆಗಸ್ಟ್‌ನ ನ್ಯೂಯಾರ್ಕ್ ಸಮಾವೇಶದವರೆಗೆ ಬಿಡಲಿಲ್ಲ. ಡೆಲಿಗೇಟ್‌ಗಳನ್ನು ಕಟ್ಟಿಹಾಕಬೇಡಿ, ಮನಸ್ಸು ಬಂದವರಿಗೆ ವೋಟು ಹಾಕಲಿ ಅಂತ ನಿಯಮ ಬದಲಿಸೋಕೆ ಹೋಗಿ ಅಲ್ಲೂ ಸೋತರು. ಕೊನೇ ದಿನ ವೇದಿಕೆ ಮೇಲೆ ಕಾರ್ಟರ್ ಪಾಪ, ಕೈ ಹಿಡಿದು ಮೇಲೆತ್ತಿ ಒಂದು ಫೋಟೋ ಆಗಲಿ ಅಂತ ಕೆನಡಿಯ ಹಿಂದೆ ಸುತ್ತಿದ್ದೇ ಸುತ್ತಿದ್ದು. ಆ ಫೋಟೋ ಸಿಗಲೇ ಇಲ್ಲ. ಮದುವೆ ಮನೆಯಲ್ಲಿ ಮುನಿಸಿಕೊಂಡ ಬೀಗರ ಹಿಂದೆ ಹೆಣ್ಣಿನ ಅಪ್ಪ ಓಡಾಡುತ್ತಾರಲ್ಲ, ಹಾಗೆ. ನವೆಂಬರ್‌ನಲ್ಲಿ ರಿಪಬ್ಲಿಕನ್ ಪಕ್ಷದ ರೇಗನ್‌ಗೆ 489 ಎಲೆಕ್ಟೋರಲ್ ವೋಟು (ರಾಜ್ಯ ಗೆದ್ದವರಿಗೆ ಸಿಗುವ ವೋಟು), ಕಾರ್ಟರ್‌ಗೆ 49.

ನ್ಯೂಜೆರ್ಸಿ ಸುಮಾ:
ಬೆಲೆಯೇರಿಕೆ, ಇರಾನಿನಲ್ಲಿ ಒತ್ತೆಯಾಳಾದ 52 ಜನ, ಇವೆಲ್ಲ ಕೆನಡಿ ತಂದದ್ದಾ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಕಾರ್ಟರ್ ಸೊರಗಿದ್ದರು, ಅದಕ್ಕೇ ಕೆನಡಿ ನಿಂತರು. ಕೊನೆಯ ದಿನದ ಪ್ರೈಮರಿಗಳಲ್ಲಿ ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ ಎರಡೂ ಕೆನಡಿಗೆ ಹೋದವು. ಸೋತವನಿಗೆ ಜನ ಅಷ್ಟು ವೋಟು ಹಾಕಿದರು ಅಂದರೆ ಏನೋ ಹೇಳುತ್ತಿದ್ದರು ಅಲ್ವಾ?

ನೀವು ಹೇಳಿದ ರೇಗನ್ ಕಥೆಯನ್ನೇ ತಗೊಳ್ಳಿ. 1976ರಲ್ಲಿ ತಮ್ಮದೇ ಪಕ್ಷದ ಹಾಲಿ ಅಧ್ಯಕ್ಷ ಫೋರ್ಡ್ ಎದುರು ನ್ಯೂಹ್ಯಾಂಪ್‌ಶೈರ್, ಫ್ಲಾರಿಡಾ, ಇಲಿನಾಯ್ ಅಂತ ಸಾಲು ಸೋಲು. ಆಗಲೇ ಬಿಟ್ಟಿದ್ದರೆ? ಬಿಡಲಿಲ್ಲ, ನಾರ್ತ್ ಕ್ಯಾರೊಲಿನಾ ಗೆದ್ದರು. ಕಾನ್ಸಾಸ್ ಸಿಟಿ ಸಮಾವೇಶದಲ್ಲಿ ಫೋರ್ಡ್‌ಗೆ 1,187, ರೇಗನ್‌ಗೆ 1,070. ಆ ಸೋಲೇ ನಾಲ್ಕು ವರ್ಷದ ನಂತರದ ಬಂಡವಾಳ.

ದಾವಣಗೆರೆ ದೋಸೆ:
ರೇಗನ್‌ಗೆ ಬಂಡವಾಳ ಆಯಿತು ಅಕ್ಕಾ. ಫೋರ್ಡ್ ಆ ನವೆಂಬರ್‌ನಲ್ಲಿ ಸೋತರಲ್ಲ, ಅದು ಯಾರ ಖಾತೆಗೆ?

ಬೆಳಗಾವಿ ಕುಂದಾ:
ನೀವೆಲ್ಲ ಒಂದೇ ಥರದ ಪೈಪೋಟಿ ಹಿಡಿದುಕೊಂಡು ಜಗ್ಗುತ್ತಿದ್ದೀರಿ. ಇಬ್ಬರೇ ಇರುವಾಗ ಎರಡನೆಯವರು ನಿಂತರೆ ಅಂಥ ಅನಾಹುತ ಏನಿಲ್ಲ. ಹೆಚ್ಚು ವೋಟು ಬಂದವರು ಗೆಲ್ಲುತ್ತಾರೆ, ಅಷ್ಟೇ. ಎಡವಟ್ಟಾಗುವುದು ಮೂರನೆಯವರು, ನಾಲ್ಕನೆಯವರು ಏಳದಿದ್ದಾಗ.

2016ರ ರಿಪಬ್ಲಿಕನ್ ಪ್ರೈಮರಿ ನೋಡಿ. ಸೌತ್ ಕ್ಯಾರೊಲಿನಾದಲ್ಲಿ ಟ್ರಂಪ್‌ಗೆ ಬಿದ್ದದ್ದು ಸುಮಾರು ಮೂರನೇ ಒಂದು ಭಾಗ ವೋಟು. ಡೆಲಿಗೇಟ್ 50ಕ್ಕೆ 50 ಅವರಿಗೇ. ಅವರ ನಿಯಮ ಡೆಮಾಕ್ರಟರ ಹಾಗಲ್ಲ, ಕೆಲವು ರಾಜ್ಯಗಳಲ್ಲಿ ಗೆದ್ದವರಿಗೆ ಪೂರ್ತಿ ತಟ್ಟೆ. ಟ್ರಂಪ್ ಬೇಡ ಅಂದ ವೋಟು ರುಬಿಯೊ, ಕ್ರೂಜ್, ಬುಷ್, ಕೇಸಿಕ್ ನಡುವೆ ಹಂಚಿಹೋಯಿತು. ಪ್ರತಿಯೊಬ್ಬರಿಗೂ ಉಳಿದವರು ಏಳಲಿ, ಆಮೇಲೆ ನಾನೇ ಅನ್ನುವ ಲೆಕ್ಕ. ಕೇಸಿಕ್ ಗೆದ್ದದ್ದು ತಮ್ಮ ಒಹಾಯೊ ಒಂದೇ. ಏಪ್ರಿಲ್ ಕೊನೆಗೆ ಕ್ರೂಜ್, ಕೇಸಿಕ್ ಒಂದು ಹೊಂದಾಣಿಕೆ ಮಾಡಿಕೊಂಡರು: ಇಂಡಿಯಾನಾ ಕ್ರೂಜ್‌ಗೆ, ಆರೆಗಾನ್, ನ್ಯೂಮೆಕ್ಸಿಕೊ ಕೇಸಿಕ್‌ಗೆ. ನಮ್ಮ ಕಡೆಯ ಒಳ ಒಪ್ಪಂದವಾದರೂ ಮತ ಎಣಿಕೆವರೆಗೆ ಬಾಳುತ್ತದೆ. ಇದು ಬೇಗನೇ ಹಳಸಿತು.

ನಮ್ಮ ಜಿಲ್ಲೆಯ ಉದಾಹರಣೆಯೂ ಇದೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಈಗ ಮಿಶಿಗನ್‌ನ ಸಂಸದ. 2018ರಲ್ಲಿ ಗವರ್ನರ್ ಪ್ರೈಮರಿಯಲ್ಲಿ ಮೂರನೆಯವರಾಗಿದ್ದರು. 2022ರಲ್ಲಿ ಡೆಟ್ರಾಯ್ಟ್ ಸೇರಿದ ಕ್ಷೇತ್ರದ ಡೆಮಾಕ್ರಟಿಕ್ ಪ್ರೈಮರಿಗೆ ನಿಂತರು. ಕಣದಲ್ಲಿ 9 ಜನ. ಅಲ್ಲಿನ ಕಪ್ಪು ಸಮುದಾಯದ ಮುಖಂಡರು ಒಬ್ಬರನ್ನೇ ನಿಲ್ಲಿಸೋಣ ಅಂತ ಓಡಾಡಿದರು, ಒಂದು ಹೆಸರನ್ನೂ ಮುಂದಿಟ್ಟರು. ಉಳಿದವರು ಏಳಲಿಲ್ಲ. ಥಾಣೇದಾರ್ ಶೇ 28ರ ಆಸುಪಾಸಿನಲ್ಲಿ ಗೆದ್ದರು. 1955ರಿಂದ ಸಂಸತ್ತಿನಲ್ಲಿ ಕಪ್ಪು ಸಮುದಾಯದ ಪ್ರತಿನಿಧಿ ಇದ್ದ ಡೆಟ್ರಾಯ್ಟ್‌ಗೆ ಅದು ತಪ್ಪಿಹೋಯಿತು. ನಮ್ಮ ಊರಿನವರು ಗೆದ್ದರು ಅಂತ ನಾನು ಪೇಡೆ ಹಂಚಿದವನೇ. ಹಾಗಂತ ಲೆಕ್ಕ ಸುಳ್ಳಾಗುವುದಿಲ್ಲವಲ್ಲ.

ಸುಮ್ನೆ ಓದುಗ:
ಬೆಳಗಾವಿಯವರು ಕುಂದಾ ಬಿಟ್ಟು ಪೇಡೆ ಹಂಚಿದ್ದು ಧಾರವಾಡಕ್ಕೆ ಗೊತ್ತಾ?

ಹಾಸನ ಟು ಹ್ಯೂಸ್ಟನ್:
ಕುಂದಾ ಸರ್ ಮಾತು ಮನಸ್ಸಿಗೆ ಬಂತು. ಹಾಗಾದರೆ ನಿಯಮ ಇಷ್ಟೇನಾ: ಎರಡನೆಯವರು ಇರಲಿ, ಮೂರನೆಯವರು ಏಳಲಿ? 2020ರ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಹಾಗೇ ಆಯಿತಲ್ಲ. ಫೆಬ್ರವರಿ 29ಕ್ಕೆ ಬೈಡನ್ ಸೌತ್ ಕ್ಯಾರೊಲಿನಾ ಗೆದ್ದರು. ಮಾರನೇ ದಿನ ಬುಟಿಜಜ್ ಹೊರಗೆ. ಅದರ ಮಾರನೇ ದಿನ ಕ್ಲೋಬುಶಾರ್, ಅದೂ ತಮ್ಮ ಮಿನೆಸೋಟಾದ ವೋಟಿಗೆ ಒಂದೇ ದಿನ ಇರುವಾಗ. ಮಾರ್ಚ್ 3ಕ್ಕೆ 14 ರಾಜ್ಯಗಳಲ್ಲಿ 10 ಬೈಡನ್‌ಗೆ, ಮಿನೆಸೋಟಾ ಸೇರಿ. ಸರಿಯಾದ ಹೊತ್ತಿಗೆ ಎದ್ದರೆ ಎಷ್ಟು ಬೇಗ ದಾರಿ ಸರಿಹೋಗುತ್ತದೆ ನೋಡಿ.

ಗಣಿತ ಮೇಷ್ಟ್ರು:
ನಾನು ಮೊದಲು ಹೇಳಿದ್ದಕ್ಕೆ ನಾನೇ ಕೊಕ್ಕೆ ಹಾಕಬೇಕಾಗಿದೆ. ಅದೇ ಬೈಡನ್ ಅಯೋವಾದಲ್ಲಿ ನಾಲ್ಕನೆಯವರು, ನ್ಯೂಹ್ಯಾಂಪ್‌ಶೈರ್‌ನಲ್ಲಿ ಐದನೆಯವರು. ಮೂರನೆಯವರು ಏಳಲಿ ಅಂತ ಫೆಬ್ರವರಿ 12ಕ್ಕೆ ಹೇಳಿದ್ದರೆ ಮೊದಲು ಏಳಬೇಕಾದವರು ಬೈಡನ್. ಬುಟಿಜಜ್ ಅಲ್ಲ, ಕ್ಲೋಬುಶಾರ್ ಅಲ್ಲ. ಯಾರು ಮೂರನೆಯವರು ಅಂತ ಆಮೇಲೆ ಗೊತ್ತಾಗುತ್ತದೆ. ಮುಂಚೆ ಬರೀ ಊಹೆ.

ಬೆಳಗಾವಿ ಕುಂದಾ:
ಮೇಷ್ಟ್ರು ಈಗ ಅಡ್ಡಗೋಡೆ ಮೇಲೆ ದೀಪ ಇಟ್ಟರು!

ಗಣಿತ ಮೇಷ್ಟ್ರು:
ಇಲ್ಲಪ್ಪ. ನನ್ನ ಮಾತು ಸ್ಪಷ್ಟ. ಎಷ್ಟನೇ ಸ್ಥಾನ ಅಂತ ನೋಡಬೇಡಿ, ಮುಂದೆ ಗೆಲ್ಲುವ ಊರು ಯಾವುದು ಅಂತ ಕೇಳಿ. ಬೈಡನ್ ಹತ್ತಿರ ಉತ್ತರ ಇತ್ತು. ಸೌತ್ ಕ್ಯಾರೊಲಿನಾದ ಕಪ್ಪು ಮತದಾರರು ನನ್ನ ಕಡೆ ಅಂತ ಅವರು ತಿಂಗಳುಗಟ್ಟಲೆ ಹೇಳುತ್ತಿದ್ದರು. ಕೇಸಿಕ್ ಹತ್ತಿರ ಒಹಾಯೊ ಆದ ಮೇಲೆ ಉತ್ತರ ಇರಲಿಲ್ಲ. ಊರಿನ ಹೆಸರು, ದಿನಾಂಕ ಎರಡೂ ಹೇಳೋಕೆ ಬಂದರೆ ಆ ದಿನದವರೆಗೆ ಇರಲಿ. ಅಲ್ಲಿ ಸೋತರೆ ಅವತ್ತೇ ರಾತ್ರಿ ಎದ್ದುಬಿಡಲಿ. ರುಬಿಯೊ 2016ರಲ್ಲಿ ತಮ್ಮ ಫ್ಲಾರಿಡಾ ಸೋತ ದಿನವೇ ಎದ್ದರು.

ದಾವಣಗೆರೆ ದೋಸೆ:
ನೀವೆಲ್ಲ ತತ್ವ ಮಾತಾಡುತ್ತಿದ್ದೀರಿ. ಎಬ್ಬಿಸುವುದು ದುಡ್ಡು ಗುರುಗಳೇ. ಅದೇ 2020ರ ಪೈಪೋಟಿಯಲ್ಲಿದ್ದ ಕಮಲಾ ಹ್ಯಾರಿಸ್ 2019ರ ಡಿಸೆಂಬರ್ 3ಕ್ಕೇ ಬಿಟ್ಟರು, ಒಂದು ವೋಟೂ ಬೀಳುವ ಮೊದಲು. ಕೈಯಲ್ಲಿ ಕಾಸಿಲ್ಲ ಅಂತ ಅವರೇ ಹೇಳಿಕೊಂಡರು. ಹಿಲರಿ 2008ರಲ್ಲಿ ತಮ್ಮ ಸ್ವಂತ ದುಡ್ಡು ಕೋಟಿಗಟ್ಟಲೆ ಹಾಕಿ ಮುಂದುವರಿದರು, ಆ ಪ್ರಚಾರದ ಸಾಲ ತೀರೋಕೆ ವರ್ಷಗಳೇ ಹಿಡಿದವು. ಗಮನಿಸಿದ್ದೀರಾ, ಇವರು ಯಾರೂ ಬಿಟ್ಟೆ ಅನ್ನುವುದಿಲ್ಲ. ಪ್ರಚಾರವನ್ನು ಸಸ್ಪೆಂಡ್ ಮಾಡಿದ್ದೇನೆ ಅನ್ನುತ್ತಾರೆ. ಅಂಗಡಿ ಬಾಗಿಲು ಅರ್ಧ ಎಳೆದ ಹಾಗೆ. ಬಂದ ಡೆಲಿಗೇಟ್ ಕೈತಪ್ಪಬಾರದು, ಸಾಲ ತೀರಿಸೋಕೆ ಚಂದಾ ಎತ್ತುತ್ತಿರಬೇಕು.

ನ್ಯೂಜೆರ್ಸಿ ಸುಮಾ:
ಬೇಗ ಎದ್ದರೆ ಮತದಾರರಿಗೆ ಆಗುವ ಮೋಸವನ್ನೂ ನೋಡಿ. 2020ರಲ್ಲಿ ಕ್ಯಾಲಿಫೋರ್ನಿಯಾದ ನನ್ನ ತಂಗಿ ಅಂಚೆಯಲ್ಲಿ ಮೊದಲೇ ಬುಟಿಜಜ್‌ಗೆ ವೋಟು ಕಳಿಸಿ ಕೂತಿದ್ದಳು. ಅವರು ಎದ್ದರು. ಅವಳ ವೋಟು ಹುಣಸೆಹಣ್ಣು ತೊಳೆದ ನೀರಾಯಿತು. ಆ ವರ್ಷ ಅಲಾಸ್ಕಾ, ಹವಾಯಿ, ವಯೋಮಿಂಗ್, ಕಾನ್ಸಾಸ್‌ನಲ್ಲಿ ಮೊದಲ ಆಯ್ಕೆ, ಎರಡನೇ ಆಯ್ಕೆ ಅಂತ ಬರೆಸಿಕೊಂಡರು. ಎಲ್ಲ ಕಡೆ ಹಾಗೆ ಮಾಡಿದರೆ ಏಳಿ, ಕೂರಿ ಅನ್ನುವ ಜಗಳವೇ ಅರ್ಧ ಕಡಿಮೆಯಾಗುತ್ತದೆ.

ಎದ್ದ ಮೇಲೂ ಜನ ಬಿಡುವುದಿಲ್ಲ, ಅದು ಬೇರೆ ಮಾತು. ರಿಪಬ್ಲಿಕನ್ ಪ್ರೈಮರಿಯಲ್ಲಿ ಟ್ರಂಪ್ ಎದುರು ನಿಂತಿದ್ದ ನಿಕ್ಕಿ ಹೇಲಿ 2024ರ ಮಾರ್ಚ್ 6ಕ್ಕೆ ಬಿಟ್ಟರು. ಏಪ್ರಿಲ್‌ನಲ್ಲಿ ಪೆನ್ಸಿಲ್ವೇನಿಯಾದ ಒಂದೂವರೆ ಲಕ್ಷಕ್ಕೂ ಜಾಸ್ತಿ ಜನ ಅವರಿಗೇ ವೋಟು ಹಾಕಿದರು.

ಸುಮ್ನೆ ಓದುಗ:
ನಮ್ಮ ಖರ್ಗೆಯವರು ಕಾಂಗ್ರೆಸ್ ಅಧ್ಯಕ್ಷರಾದ 2022ರ ಚುನಾವಣೆಯೂ ಹಾಗೇ ಅಲ್ವಾ? ಖರ್ಗೆ 7,897, ಶಶಿ ತರೂರ್ 1,072. ಸೋಲುವುದು ತರೂರ್‌ಗೂ ಗೊತ್ತಿತ್ತು. ಕೊನೇವರೆಗೆ ಇದ್ದರು. ಚುನಾವಣೆ ಅಂತ ಒಂದು ನಡೆದದ್ದು ಅದರಿಂದಲೇ. ಇಲ್ಲದಿದ್ದರೆ ಅವಿರೋಧ ಆಯ್ಕೆ, ಹಾರ, ಪಟಾಕಿ.

ಸುಮಾ ಅಕ್ಕ, ಒಂದು ಪ್ರಶ್ನೆ. ಇಷ್ಟು ವಾದ ಮಾಡುತ್ತೀರಲ್ಲ, ನೀವು ಯಾವತ್ತಾದರೂ ಸೋಲುತ್ತೀರಿ ಅಂತ ಗೊತ್ತಿದ್ದೂ ನಿಂತಿದ್ದೀರಾ?

ನ್ಯೂಜೆರ್ಸಿ ಸುಮಾ:
ಕೇಳಬಾರದ್ದು ಕೇಳಿದಿರಿ. ಹೌದು. ವರ್ಷಗಳ ಹಿಂದೆ ಒಂದು ಕನ್ನಡ ಸಂಘದ ಅಧ್ಯಕ್ಷ ಸ್ಥಾನಕ್ಕೆ. ಮೂವರಿದ್ದೆವು. ಹಿಂದಿನ ರಾತ್ರಿ ನನ್ನ ಗೆಳತಿ ಫೋನ್ ಮಾಡಿ, ಸುಮಾ, ನೀನು ಸರಿದರೆ ನಾನು ಗೆಲ್ಲುತ್ತೇನೆ, ಇಬ್ಬರ ಕೆಲಸವೂ ಒಂದೇ ಅಲ್ವಾ ಅಂದಳು. ನಾನು ಸರಿಯಲಿಲ್ಲ. ಅವಳು 12 ವೋಟಿನಿಂದ ಸೋತಳು. ಗೆದ್ದವರು ನಮ್ಮಿಬ್ಬರಿಗೂ ಬೇಡದವರು. ನಿಂತದ್ದು ತಪ್ಪು ಅಂತ ನನಗೆ ಇವತ್ತೂ ಅನಿಸಿಲ್ಲ. ಆದರೆ ಅವಳ ಮನೆಯ ಗೊಂಬೆ ಹಬ್ಬಕ್ಕೆ ಕರೆ ಬರುವುದು ನಿಂತಿದೆ.

ಬೆಳಗಾವಿ ಕುಂದಾ:
ನಿಮಗೆ ಎಷ್ಟು ಬಿತ್ತು ಅಕ್ಕಾ?

ನ್ಯೂಜೆರ್ಸಿ ಸುಮಾ:
31. ಅದರಲ್ಲಿ ಒಂದು ತಮ್ಮದು ಅಂತ ನಮ್ಮ ಯಜಮಾನರು ಹೇಳುತ್ತಾರೆ.